ನಾಲ್ಕು ಬೆರಳು ನೀರು

ಮಾರ್ಚ್ ೪, ಸೋಮವಾರ

ಕೂಗಿ ಕೂಗಿ ಗಂಟಲು ಕಟ್ಟಿದೆ. ಒಂದು ಮಾತೂ ಆಚೆ ಬರುತ್ತಿಲ್ಲ. ಬರೆಯಲು ಗಂಟಲು ಬೇಡವಲ್ಲ, ಅದಕ್ಕೆ ಕೂತಿದ್ದೇನೆ.

ನಿನ್ನೆ ನಮ್ಮ ಈಜುಕೊಳದಲ್ಲಿ ನಡೆದ ಸ್ಪರ್ಧೆಯಲ್ಲಿ ಗಿಡ್ಡಿ ಗೆದ್ದಳು. ಬರೀ ಗೆದ್ದದ್ದಲ್ಲ. ದೇಶದ ಮಕ್ಕಳೆಲ್ಲ ಸೇರುವ ದೊಡ್ಡ ಕೂಟಕ್ಕೆ ಹೋಗಬೇಕಾದರೆ ಇನ್ನೂರು ಮೀಟರನ್ನು ಇಂತಿಷ್ಟು ಸಮಯದೊಳಗೆ ಈಜಬೇಕು ಅಂತ ಇದೆ. ಅದಕ್ಕಿಂತ ಕಾಲು ಸೆಕೆಂಡು ಮೊದಲೇ ಗೋಡೆ ಮುಟ್ಟಿದಳು. ಅವಳ ಈಜಿಗೆ ಮೇಷ್ಟ್ರು ಬ್ರೆಸ್ಟ್‌ಸ್ಟ್ರೋಕ್ ಅನ್ನುತ್ತಾರೆ, ನಮ್ಮ ಓಣಿಯವರು ಕಪ್ಪೆ ಈಜು ಅನ್ನುತ್ತಾರೆ. ಗಿಡ್ಡಿಯನ್ನು ನೋಡಿದರೆ ಓಣಿಯವರದ್ದೇ ಸರಿ. ಹದಿನಾಲ್ಕಾದರೂ ನನ್ನ ಭುಜಕ್ಕೆ ಬಂದಿಲ್ಲ. ಪಕ್ಕದಲ್ಲಿ ನಿಂತಿದ್ದ ಗುಡ್ಡದ ಮೇಲಿನ ದೊಡ್ಡಮನುಷ್ಯರ ಕ್ಲಬ್ಬಿನ ಹುಡುಗಿಯರು ಒಬ್ಬೊಬ್ಬರೂ ಲೈಟುಕಂಬ. ನೀರಿಗೆ ಬಿದ್ದ ಮೇಲೆ ಕಂಬಗಳು ಹಿಂದೆ, ಕಪ್ಪೆ ಮುಂದೆ!

ಈ ಕೊಳ ಯಾರೂ ನಮಗೆ ದಾನ ಕೊಟ್ಟದ್ದಲ್ಲ. ನಗರಸಭೆಯವರು ಬೀಗ ಜಡಿದು ಪಾಚಿಗೆ ಬಿಟ್ಟಿದ್ದರು. ಗಿರಣಿ ಮುಚ್ಚಿ ಕೆಲಸ ಕಳೆದುಕೊಂಡ ನಾವು ಅವರ ಕಚೇರಿ ಮೆಟ್ಟಿಲ ಮೇಲೆ ಕೂತು ಕೂತು ಕಿತ್ತುಕೊಂಡೆವು. ಬೀಗದ ಕೈ ಕೊಟ್ಟರು, ರಿಪೇರಿಗೆ ಕೈ ಎತ್ತಿದರು. ನನ್ನ ತಮ್ಮ ಟೈಲ್ಸ್ ಹಾಕುವವನು. ಅವನು ಮುಂದೆ ನಿಂತ, ಇಡೀ ಓಣಿ ಹಿಂದೆ ನಿಂತು ಸಿಮೆಂಟು ಕಲಸಿತು. ಅವನು ಟೈಲ್ಸ್ ಕೂರಿಸಿದ ಗೋಡೆಯನ್ನು ನಿನ್ನೆ ಅವನ ಮಗಳು ಗಿಡ್ಡಿಯೇ ಮುಟ್ಟಿ ಗೆದ್ದಳು. ಇದಕ್ಕಿಂತ ದೊಡ್ಡ ಭಾಷಣ ಇನ್ನೇನಿದೆ? ಆದರೂ ನಾನೊಂದು ಮಾಡಿದೆ. ಕೊಳದ ಸಮಿತಿಯ ಕಾರ್ಯದರ್ಶಿ ಅಲ್ಲವೇ ನಾನು. "ಗಿಡ್ಡಿ ನಮ್ಮ ಬಾವುಟ! ಈ ಬಾವುಟ ಇನ್ನು ಇಳಿಯೋದಿಲ್ಲ!" ಅಂದೆ. ಬಾವುಟವನ್ನು ಒದ್ದೆ ಬಟ್ಟೆಯಲ್ಲೇ ಪಕ್ಕಕ್ಕೆ ನಿಲ್ಲಿಸಿಕೊಂಡಿದ್ದೆ. ನಿಂತಲ್ಲೇ ತೂಕಡಿಸಿದಳು.

ತಮ್ಮನ ಹೆಂಡತಿ ಕೆಳಗಿನಿಂದ ಕೂಗಿದಳು: "ಅತ್ತಿಗೆ, ನಿಮ್ಮ ಭಾಷಣಕ್ಕೆ ಫುಲ್‌ಸ್ಟಾಪ್ ಇಲ್ವಾ? ಮಗು ನಡುಗ್ತಾ ಇದೆ!"

ಜನ ನಕ್ಕರು. ನಗಲಿ. ಚಳವಳಿ ಅಂದಮೇಲೆ ಒಂದಿಷ್ಟು ನಡುಕ ಇದ್ದದ್ದೇ.

ಮಾರ್ಚ್ ೭, ಗುರುವಾರ

ಬಂತು. ಇಷ್ಟು ಬೇಗ ಬರುತ್ತದೆ ಅಂದುಕೊಂಡಿರಲಿಲ್ಲ, ಆದರೆ ಬರುತ್ತದೆ ಅಂತ ಗೊತ್ತಿತ್ತು.

ಗುಡ್ಡದ ಕ್ಲಬ್ಬಿನವರು ಈಜು ಸಂಘಕ್ಕೆ ತಕರಾರು ಕೊಟ್ಟಿದ್ದಾರೆ. ನಮ್ಮ ಕೊಳದ ಉದ್ದ ಇಪ್ಪತ್ತೈದು ಮೀಟರ್ ಇದೆಯೋ ಇಲ್ಲವೋ ಅನುಮಾನವಂತೆ. ಸಂಘದ ಅಧಿಕಾರಿ ಫೋನಿನಲ್ಲಿ ಬೆಣ್ಣೆ ಸವರಿದ: "ನಿಮ್ಮ ಹುಡುಗಿ ಮೇಲೆ ನಮಗೇನೂ ಇಲ್ಲ ಮೇಡಂ. ಅಳತೆ ಒಂದು ಆಗಿಬಿಡಲಿ. ಆಗದಿದ್ದರೆ ಆ ಸಮಯವನ್ನ ನಾವು ಲೆಕ್ಕಕ್ಕೆ ತಗೊಳ್ಳೋಕಾಗಲ್ಲ."

ಮೇಷ್ಟ್ರನ್ನು ಕೇಳಿದೆ, ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಅಂತ. ನಮ್ಮ ಮಕ್ಕಳಿಗೆ ಈಜು ಕಲಿಸುವ ಈ ಮನುಷ್ಯ ಮಾತಾಡುವುದೇ ಅಪರೂಪ. "ಬೆರಳಗಲ ಹೆಚ್ಚಿದ್ದರೆ ನಡೆಯುತ್ತೆ. ಕಮ್ಮಿ ಇದ್ದರೆ ಕೂದಲೆಳೆಯಷ್ಟೂ ನಡೆಯಲ್ಲ" ಅಂದರು.

ನನ್ನ ಮೈ ಉರಿದುಹೋಯಿತು. ಹುಟ್ಟಿದಾಗಿನಿಂದ ನಮಗೆ ಬಂದದ್ದೆಲ್ಲ ಕಮ್ಮಿ ಅಳತೆಯದ್ದೇ. ನಲ್ಲಿಯಲ್ಲಿ ನೀರು ಕಮ್ಮಿ, ತಕ್ಕಡಿಯಲ್ಲಿ ಅಕ್ಕಿ ಕಮ್ಮಿ, ಶಾಲೆಯಲ್ಲಿ ಬೆಂಚು ಕಮ್ಮಿ, ಆಸ್ಪತ್ರೆಯಲ್ಲಿ ಹಾಸಿಗೆ ಕಮ್ಮಿ. ಆಗೆಲ್ಲ ಅಳತೆಪಟ್ಟಿ ಹಿಡಿದು ಯಾವ ಮಗನೂ ಬರಲಿಲ್ಲ. ನಮ್ಮ ಹುಡುಗಿ ಕಾಲು ಸೆಕೆಂಡು ಮುಂದೆ ಹೋದಳು ಅಂದಕೂಡಲೇ ಎಲ್ಲರಿಗೂ ಅಳತೆ ನೆನಪಾಯಿತು! ಇದು ಕೊಳದ ಅಳತೆಯಲ್ಲ. ನಮ್ಮ ಅಳತೆ.

ಗೇಟು ತೆಗೆಯುವುದಿಲ್ಲ.

ಮಾರ್ಚ್ ೮, ಶುಕ್ರವಾರ

ಕೊಳದ ಷೆಡ್ಡಿನಲ್ಲಿ ಸಭೆ. ಕಾಲಿಡಲು ಜಾಗವಿಲ್ಲ. ಕ್ಲೋರಿನ್ ಡಬ್ಬಗಳ ಮೇಲೆಲ್ಲ ಜನ. ಅಳತೆಗಾರರು ಬಂದರೆ ಗೇಟಿಗೆ ಅಡ್ಡ ಕೂರುವುದು, ಸಂಘದ ಕಚೇರಿ ಮುಂದೆ ಧರಣಿ ಹೂಡುವುದು ಅಂತ ತೀರ್ಮಾನ. ಮೇಷ್ಟ್ರು ಎದ್ದು, "ಅಳೆದುಕೊಂಡು ಹೋಗಲಿ ಬಿಡಿ, ನಮಗೇನು ಭಯ?" ಅಂದರು. ಕ್ಷೌರದಂಗಡಿಯವನು ಕೂತಲ್ಲಿಂದಲೇ ಕತ್ತರಿಸಿದ: "ಮೇಷ್ಟ್ರೇ, ಕ್ಲಬ್ಬಿನವರ ಟೀ ಚೆನ್ನಾಗಿತ್ತಾ?" ಮೇಷ್ಟ್ರು ಕೂತುಬಿಟ್ಟರು.

ಎಲ್ಲರೂ ಕೈ ಎತ್ತಿದರು. ನನ್ನ ತಮ್ಮ ಎತ್ತಲಿಲ್ಲ. ಬೆರಳ ಸಂದಿಯಲ್ಲಿ ಅಂಟಿದ ಸಿಮೆಂಟನ್ನು ಕೆರೆಯುತ್ತಾ ಕೂತಿದ್ದ. ಅವನು ಯಾವತ್ತೂ ಹೀಗೇ, ಸಭೆ ಅಂದರೆ ಮುದುಡಿಕೊಳ್ಳುತ್ತಾನೆ.

ಸಭೆ ಮುಗಿದ ಮೇಲೆ ಗಿಡ್ಡಿ ಹತ್ತಿರ ಬಂದಳು. "ಅತ್ತೆ, ನಮ್ಮ ಕೊಳ ನಿಜವಾಗ್ಲೂ ಕಮ್ಮಿ ಇದ್ಯಾ?"

"ಅದು ಪ್ರಶ್ನೆ ಅಲ್ಲ ಕಣೇ."

"ಮತ್ತೆ ಪ್ರಶ್ನೆ ಯಾವ್ದು?"

ಅಷ್ಟರಲ್ಲಿ ಯಾರೋ ಫಲಕ ಬರೆಯಲು ಬಣ್ಣ ಎಲ್ಲಿದೆ ಅಂತ ಕರೆದರು. ಹೋದೆ. ಈಗಿನ ಮಕ್ಕಳಿಗೆ ರಾಜಕೀಯ ಬಿಡಿಸಿ ಹೇಳಬೇಕು. ಒಂದು ದಿನ ಕೂರಿಸಿಕೊಂಡು ಹೇಳುತ್ತೇನೆ.

ಮಾರ್ಚ್ ೧೨, ಮಂಗಳವಾರ

ಗೆದ್ದೆವು! ಧರಣಿಗೆ ಕೂತ ಎರಡನೇ ದಿನವೇ ಸಂಘದ ಅಧಿಕಾರಿ ತಾನಾಗಿ ಮೆಟ್ಟಿಲಿಳಿದು ಬಂದ. ಛತ್ರಿ ಬೇರೆ ಹಿಡಿಸಿಕೊಂಡು. "ಗಲಾಟೆ ಯಾಕೆ ಮೇಡಂ, ಅಳತೆ ಬೇಡ. ಕೊಳ ಇಪ್ಪತ್ತೈದು ಮೀಟರ್ ಸರಿಯಾಗಿದೆ ಅಂತ ಸಮಿತಿ ಪರವಾಗಿ ನೀವೊಂದು ಸಹಿ ಹಾಕಿಕೊಡಿ, ಸಾಕು. ಹುಡುಗಿ ಹೋಗ್ತಾಳೆ."

ಬಗ್ಗಿದರು. ಬಗ್ಗಲೇಬೇಕು. ಓಣಿಗೆ ಬಂದು ಹೇಳಿದಾಗ ಕ್ಷೌರದಂಗಡಿಯವನು ನನ್ನನ್ನು ಎತ್ತಿಕೊಳ್ಳಲು ಹೋಗಿ ತನ್ನ ಸೊಂಟ ಹಿಡಿಸಿಕೊಂಡ.

ಸಂಜೆ.

ಮೇಲಿನದನ್ನು ಮಧ್ಯಾಹ್ನ ಬರೆದದ್ದು. ಆಮೇಲೆ ತಮ್ಮ ಬಂದ. ಅಡುಗೆಮನೆ ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ. ನೀರು ಕೊಟ್ಟೆ, ಕುಡಿಯಲಿಲ್ಲ.

"ಅಕ್ಕ, ಸಹಿ ಹಾಕಿದ್ಯಾ?"

"ನಾಳೆ ಹಾಕ್ತೀನಿ. ಯಾಕೋ?"

"ಅಕ್ಕ... ನಾನು ಹಳೇದನ್ನ ಕೀಳಲಿಲ್ಲ."

"ಯಾವ ಹಳೇದು?"

"ಹಳೇ ಟೈಲ್ಸು. ಕೊಳದ ಎರಡು ಕಡೆ ಗೋಡೇಲಿ. ಅದರ ಮೇಲೇ ಹೊಸದು ಕೂರಿಸಿದೆ."

ನನಗೆ ಆಗಲೂ ಅರ್ಥವಾಗಲಿಲ್ಲ. ಅವನೇ ಹೇಳಿದ. ಹಳೆಯದನ್ನು ಸುತ್ತಿಗೆಯಿಂದ ಒಡೆದರೆ ಗೋಡೆ ಬಿರುಕು ಬಿಟ್ಟು ನೀರು ಸೋರುತ್ತದೆ ಅಂತ ಹೆದರಿದನಂತೆ. ಮನೆಗಳಲ್ಲಿ ಬಚ್ಚಲು ರಿಪೇರಿ ಮಾಡುವಾಗ ಎಲ್ಲರೂ ಹಾಗೇ ಮಾಡುವುದು, ಹಳೆಯದರ ಮೇಲೆ ಸಿಮೆಂಟು, ಅದರ ಮೇಲೆ ಹೊಸ ಟೈಲ್ಸು. ಕೆಲಸ ಬೇಗ, ಗೋಡೆಯೂ ಗಟ್ಟಿ.

"ನಾನು ಗೋಡೆ ನೋಡ್ಕೊಂಡು ಕೆಲಸ ಮಾಡಿದೆ ಅಕ್ಕ. ನನ್ನ ಬೆನ್ನ ಹಿಂದೆ ಕೊಳ ಗಿಡ್ಡ ಆಗ್ತಿದೆ ಅಂತ ಹೊಳೀಲೇ ಇಲ್ಲ. ಇಷ್ಟು ವರ್ಷ ಎಷ್ಟು ಬಚ್ಚಲಿಗೆ ಹಾಕಿದೀನಿ, ಬಚ್ಚಲು ಚಿಕ್ಕದಾಯ್ತು ಅಂತ ಯಾರೂ ಬಂದು ಜಗಳ ಆಡ್ಲಿಲ್ಲ."

"ಎಷ್ಟು ಕಮ್ಮಿ?"

ಅವನು ಎರಡು ಬೆರಳು ಜೋಡಿಸಿ ತೋರಿಸಿದ. ಆಮೇಲೆ ಇನ್ನೊಂದು ಕೈಯ ಎರಡು ಬೆರಳು. ಈ ಕಡೆ ಗೋಡೆಗೆ ಎರಡು, ಆ ಕಡೆ ಗೋಡೆಗೆ ಎರಡು. ಒಟ್ಟು ನಾಲ್ಕು ಬೆರಳು.

"ಅಷ್ಟೇನಾ?" ಅಂದೆ.

"ಒಂದು ಸಲಕ್ಕೆ ಅಷ್ಟೇ. ಇನ್ನೂರು ಮೀಟರ್ ಅಂದ್ರೆ ಎಂಟು ಸಲ ಈಜಬೇಕು ಅಕ್ಕ. ಎಂಟು ಸಲ ನಾಲ್ಕು ಬೆರಳು ಸೇರಿಸು. ಮೇಷ್ಟ್ರನ್ನ ಮೆಲ್ಲಗೆ ಕೇಳಿದೆ, ಅಷ್ಟು ಈಜೋಕೆ ಅರ್ಧ ಸೆಕೆಂಡು ಹತ್ತಿರ ಬೇಕಂತೆ."

ಅವಳು ಗೆದ್ದದ್ದು ಕಾಲು ಸೆಕೆಂಡಿನಲ್ಲಿ.

ಇನ್ನು ಯಾರಿಗೂ ಬಾಯಿ ಬಿಡಬೇಡ ಅಂದೆ. ತಲೆಯಾಡಿಸಿ ಹೋದ.

ಮಾರ್ಚ್ ೧೩, ಬುಧವಾರ

ಸಹಿ ಹಾಕುತ್ತೇನೆ. ನಾಲ್ಕು ಬೆರಳಿಗಾಗಿ ಒಂದು ಓಣಿಯ ತಲೆ ತಗ್ಗಿಸಲು ನನ್ನಿಂದಾಗದು. ಕ್ಲಬ್ಬಿನವರ ಕಟ್ಟಡಗಳು ರಸ್ತೆಯನ್ನೇ ನುಂಗಿ ನಿಂತಿವೆ. ಅದನ್ನು ಅಳೆದವರು ಯಾರು? ಅವರ ಕಾರ್ಖಾನೆ ಕಾಲುವೆಗೆ ಏನು ಬಿಡುತ್ತದೆ, ಎಷ್ಟು ಬಿಡುತ್ತದೆ, ಅಳೆದವರು ಯಾರು? ಸುಳ್ಳನ್ನೇ ಗಾರೆ ಮಾಡಿ ಊರು ಕಟ್ಟಿದವರ ಮುಂದೆ ನಮ್ಮ ನಾಲ್ಕು ಬೆರಳ ಸುಳ್ಳು ಯಾವ ಲೆಕ್ಕ? ಒಂದು ಸಹಿ. ಆಮೇಲೆ ಗಿಡ್ಡಿ ದೊಡ್ಡ ಕೂಟದ ನೀರಿನಲ್ಲಿ, ಎಲ್ಲ ದೊಡ್ಡಮನುಷ್ಯರ ಮಕ್ಕಳ ಸಾಲಿನಲ್ಲಿ ನಿಲ್ಲುತ್ತಾಳೆ, ಇಡೀ

ಇಲ್ಲಿ ಗಿಡ್ಡಿ ಬಂದಳು, ಬರೆಯುವುದು ನಿಂತಿತು. ಶಾಲೆಯಿಂದ ನೇರ ಬಂದಿದ್ದಳು. ಮನೆಯಲ್ಲಿ ಅವಳಪ್ಪ ಎರಡು ದಿನದಿಂದ ಊಟ ಬಿಟ್ಟಿದ್ದಾನಂತೆ. ಕೆದಕಿ ಕೆದಕಿ ಕೇಳಿದ್ದಾಳೆ, ಹೇಳಿಬಿಟ್ಟಿದ್ದಾನೆ. ಬಾಯಿ ಬಿಡಬೇಡ ಅಂದರೆ ಒಂದು ರಾತ್ರಿ ತಡೆಯಲಿಲ್ಲ.

"ನಂಗೆ ಮೊದಲೇ ಗೊತ್ತಿತ್ತು ಅತ್ತೆ" ಅಂದಳು.

"ಏನೇ ಗೊತ್ತಿತ್ತು?"

"ಕೊಳ ಕಮ್ಮಿ ಅಂತಲ್ಲ. ನಾನೇ ಸರಿ ಇಲ್ಲ ಅಂದ್ಕೊಂಡಿದ್ದೆ." ನನ್ನ ಮಂಚದ ತುದಿಯಲ್ಲಿ ಕೂತಳು. "ಚಳಿಗಾಲದಲ್ಲಿ ಕ್ಲಬ್ಬಿನ ಕೊಳದಲ್ಲಿ ಸ್ಪರ್ಧೆ ಇತ್ತಲ್ಲ, ನಾನು ಕೊನೇಲಿ ಬಂದೆನಲ್ಲ? ಅಲ್ಲಿ ಗೋಡೆ ಬರೋದೇ ಇಲ್ಲ ಅತ್ತೆ. ಇಲ್ಲಿ ಕೈ ಚಾಚಿದ್ರೆ ಗೋಡೆ ಸಿಗತ್ತೆ. ಅಲ್ಲಿ ಕೈ ಚಾಚಿದ್ರೆ ನೀರು. ಮತ್ತೆ ಇನ್ನೊಂದು ಪುಟ್ಟ ಎಳೆತ ಎಳೀಬೇಕು. ಪ್ರತಿ ಸಲಾನೂ. ಕಂಬದಂಥ ಹುಡುಗೀರೆಲ್ಲ ತಿರುಗಿಕೊಂಡು ಹೋಗ್ತಿದ್ರು, ನಾನು ಗೋಡೆ ಹುಡುಕ್ತಿದ್ದೆ. ನಾನು ಗಿಡ್ಡಿ ಅಲ್ವಾ, ಕೈ ಉದ್ದ ಇಲ್ಲ, ಅದಕ್ಕೇ ಹೀಗೆ ಅಂದ್ಕೊಂಡೆ. ಯಾರಿಗೂ ಹೇಳ್ಲಿಲ್ಲ."

ಬರೆಯುತ್ತಿದ್ದ ಪುಸ್ತಕವನ್ನು ಮುಚ್ಚಿಟ್ಟೆ.

"ನೀನು ಸಹಿ ಹಾಕಿದ್ರೆ ನಾನು ಹೋಗ್ತೀನಿ ಅತ್ತೆ. ನೀನು ಹೇಳಿದ್ದಕ್ಕೆ ಇಲ್ಲ ಅನ್ನಲ್ಲ. ಆದ್ರೆ ಹೋಗಿ ಅಲ್ಲಿ ಎಲ್ಲರ ಮುಂದೆ ಗೋಡೆ ಬದಲು ನೀರು ಮುಟ್ತೀನಿ."

ಆಮೇಲೆ ಹಸಿವು ಅಂದಳು. ಎರಡು ಮೊಟ್ಟೆ ಬೇಯಿಸಿ ಕೊಟ್ಟೆ. ಹಳದಿ ಮೊದಲು ತಿನ್ನುತ್ತಾಳೆ, ಬಿಳಿ ಆಮೇಲೆ. ಇಷ್ಟು ವರ್ಷ ನಾನಿದನ್ನು ನೋಡಿಯೇ ಇರಲಿಲ್ಲ.

ಮಾರ್ಚ್ ೧೪, ಗುರುವಾರ

ಸಹಿ ಹಾಕಲಿಲ್ಲ.

ಮಾರ್ಚ್ ೧೫, ಶುಕ್ರವಾರ

ಸಭೆ ಕರೆದು ಹೇಳಿದೆ. ಕೊಳವನ್ನು ಅಳೆಸೋಣ, ನಾವೇ ಕರೆದು ಅಳೆಸೋಣ ಅಂದೆ. ಸಭೆ ಹೊತ್ತಿ ಉರಿಯಿತು.

"ಎರಡು ದಿನ ಬಿಸಿಲಲ್ಲಿ ಕೂರಿಸಿದ್ದು ಯಾಕಮ್ಮ ಹಂಗಾದ್ರೆ?"

"ಗೆದ್ದ ಮೇಲೆ ಸೋಲೋಕೆ ಹೊರಟ ಲೀಡರ್ರನ್ನ ಇವತ್ತೇ ನೋಡಿದ್ದು!"

ಕ್ಷೌರದಂಗಡಿಯವನು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೇ ಎದ್ದ. "ಅಕ್ಕ, ಕ್ಲಬ್ಬಿನವರ ಟೀ ನಿಮಗೂ ಬಂತಾ?"

ಬೈಯಬೇಕು ಅಂತ ಬಾಯಿ ತೆರೆದೆ. ಆಗ ತಮ್ಮ ಎದ್ದು ನಿಂತ. ಸಭೆಯಲ್ಲಿ ಅವನು ಎದ್ದದ್ದು ನಾನು ಕಂಡದ್ದು ಇದೇ ಮೊದಲು. "ಟೈಲ್ಸ್ ಮೇಲೆ ಟೈಲ್ಸ್ ಹಾಕಿದ್ದು ನಾನು" ಅಂದ. ಅಷ್ಟೇ. ಕೈಗಳನ್ನು ಎಲ್ಲಿಡಬೇಕು ಅಂತ ಗೊತ್ತಾಗದೆ ಹಿಂದೆ ಕಟ್ಟಿಕೊಂಡ.

ಯಾರೂ ಅವನನ್ನು ಬೈಯಲಿಲ್ಲ. ಸಿಮೆಂಟು ಕಲಸಿದವರೆಲ್ಲ ಅಲ್ಲೇ ಕೂತಿದ್ದರು. ಕೊನೆಗೆ ಇಸ್ತ್ರಿ ಅಂಗಡಿಯ ಅಜ್ಜಿ ಅಂದಳು: "ಹುಡುಗಿ ಏನಂತಾಳೆ? ಈಜೋದು ಅವಳಲ್ವಾ?"

ಎಲ್ಲರೂ ತಿರುಗಿ ನೋಡಿದರು. ಗಿಡ್ಡಿ ಕ್ಲೋರಿನ್ ಡಬ್ಬದ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. "ಅಳೀರಿ" ಅಂದಳು.

ಮಾರ್ಚ್ ೧೬, ಶನಿವಾರ

ಅಳತೆ ಮಾಡಲು ಬಂದವಳು ಒಬ್ಬ ಹೆಂಗಸು, ದೊಡ್ಡ ಟೋಪಿ, ಕೈಯಲ್ಲಿ ಕೆಂಪು ಬೆಳಕು ಬಿಡುವ ಪುಟ್ಟ ಯಂತ್ರ. ಈ ಗೋಡೆಗೆ ಯಂತ್ರ ಆನಿಸುತ್ತಾಳೆ, ಆ ಗೋಡೆಗೆ ಒಂದು ತಗಡು ಹಿಡಿಸುತ್ತಾಳೆ. ಮಕ್ಕಳು ಈಜುವ ಪ್ರತಿ ಸಾಲಿಗೂ ಬೇರೆ ಬೇರೆ ಅಳೆಯಬೇಕಂತೆ, ನೀರಿನ ಮಟ್ಟದಲ್ಲಿ ಒಮ್ಮೆ, ನೀರಿನ ಒಳಗೆ ಒಮ್ಮೆ. ತಗಡು ಹಿಡಿಯಲು ಯಾರಾದರೂ ಬೇಕು ಅಂದಳು. ತಮ್ಮ ಬಟ್ಟೆ ಬಿಚ್ಚಿ ನೀರಿಗಿಳಿದ. ತಾನು ಕೂರಿಸಿದ ಗೋಡೆಗೆ ತಾನೇ ತಗಡು ಒತ್ತಿ ಹಿಡಿದು ನಿಂತ. ಪ್ರತಿ ಸಾಲಿನ ಹತ್ತಿರವೂ ಕತ್ತು ಮೇಲೆತ್ತಿ ಅವಳ ಮುಖ ನೋಡುತ್ತಿದ್ದ. ಅವಳು ಅಂಕಿ ಬರೆದುಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದಳು.

ಎಲ್ಲ ಸಾಲೂ ಕಮ್ಮಿ. ತಮ್ಮ ಬೆರಳಲ್ಲಿ ತೋರಿಸಿದಷ್ಟೇ.

"ಕಮ್ಮಿ ಇರೋದನ್ನ ಸಮಯಕ್ಕೆ ಸೇರಿಸಿ ಲೆಕ್ಕ ಹಾಕೋಕಾಗಲ್ವಾ?" ಅಂತ ನೀರಿನಿಂದಲೇ ಕೇಳಿದ.

"ಆಗಲ್ಲಣ್ಣ. ಕಮ್ಮಿ ಇದ್ದರೆ ಆ ಈಜೇ ಇಲ್ಲ ಅಂತ ಲೆಕ್ಕ" ಅಂದಳು. ದನಿ ಮೆತ್ತಗಿತ್ತು.

ಕ್ಲಬ್ಬಿನ ಕಾರ್ಯದರ್ಶಿಯೂ ಬಂದಿದ್ದ. ಬಿಳಿ ಬೂಟು ಒದ್ದೆಯಾಗದ ಹಾಗೆ ದೂರ ನಿಂತು, "ಪಾಪ, ಹುಡುಗಿ ಶ್ರಮಪಟ್ಟಿದ್ದಳು" ಅಂದ.

"ಪಾಪ ನಿಮ್ಮ ಹತ್ತಿರ ಇಟ್ಕೊಳ್ಳಿ" ಅಂದೆ. "ನಿಮ್ಮ ಕೊಳದ ಉದ್ದ ಸರಿ ಇದೆಯಲ್ಲ? ಕೂಟಕ್ಕೆ ಹೆಸರು ಕೊಡೋಕೆ ಇನ್ನೂ ದಿನ ಇದೆ. ಅದರಲ್ಲಿ ಇವಳು ಒಂದು ಸಲ ಈಜಲಿ. ಗಡಿಯಾರ ನಿಮ್ಮದೇ, ಅಳತೆ ನಿಮ್ಮದೇ."

"ಅದು ಸದಸ್ಯರಿಗೆ ಮಾತ್ರ ಅಮ್ಮ. ನಿಯಮ ಇದೆ."

"ನಿಯಮ ನಾವೂ ಇವತ್ತು ನೋಡಿದ್ವಿ ಸ್ವಾಮಿ. ನಮ್ಮ ಕಮ್ಮೀನ ನಾವೇ ಎಲ್ಲರ ಮುಂದೆ ಅಳೆಸಿ ಒಪ್ಪಿಕೊಂಡಿದೀವಿ. ಈಗ ನಿಮ್ಮ ಗೇಟು ಅಳೆಯೋಣ, ಅದು ಎಷ್ಟು ಅಗಲ ತೆರೆಯುತ್ತೆ ಅಂತ."

ಅಳತೆಯ ಹೆಂಗಸು ನಗು ತಡೆಯಲು ಟೋಪಿ ಕೆಳಗೆಳೆದುಕೊಂಡಳು.

ಮಾರ್ಚ್ ೧೯, ಮಂಗಳವಾರ

ಮತ್ತೆ ಧರಣಿ, ಈ ಸಲ ಗುಡ್ಡದ ಮೇಲೆ. ನಿನ್ನೆ ಬೆಳಗ್ಗೆ ಕ್ಲಬ್ಬಿನ ಗೇಟಿನ ಮುಂದೆ ಕೂತೆವು, ಇವತ್ತು ಮಧ್ಯಾಹ್ನ ತೆರೆದರು. ಭಾನುವಾರ ಒಂದು ಈಜು, ಸಂಘದವರ ಮುಂದೆ. ಅಭ್ಯಾಸಕ್ಕೆ ಬಿಡುವುದಿಲ್ಲವಂತೆ. ಅಭ್ಯಾಸಕ್ಕೂ ಬಿಡಿ ಅಂತ ಇನ್ನೂ ಎರಡು ದಿನ ಕೂರಬಹುದಿತ್ತು. ಎಲ್ಲರೂ ತಯಾರಿದ್ದರು, ಕ್ಷೌರದಂಗಡಿಯವನಂತೂ ಈಗ ನನಗಿಂತ ಮುಂದೆ. ಆದರೆ ಗಿಡ್ಡಿ ನಮ್ಮ ಜತೆ ಬಿಸಿಲಲ್ಲಿ ಕೂತಿದ್ದಳು, ಕುತ್ತಿಗೆಯೆಲ್ಲ ಸುಟ್ಟಿತ್ತು. ಸಾಕು, ಎದ್ದೇಳಿ ಅಂದೆ.

ತಮ್ಮ ಇವತ್ತೇ ನೀರು ಖಾಲಿ ಮಾಡಿ ಟೈಲ್ಸ್ ಒಡೆಯುತ್ತೇನೆ ಅಂತ ಹಟ ಹಿಡಿದಿದ್ದ. ಮೇಷ್ಟ್ರು ತಡೆದರು, ಭಾನುವಾರದವರೆಗೆ ಅವಳಿಗೆ ನೀರು ಬೇಡವೇ ಅಂತ. ಗಿಡ್ಡಿಯ ಹತ್ತಿರ ಬೇರೆ ಉಪಾಯ ಇದೆ. ಕ್ಲಬ್ಬಿನ ಗೋಡೆ ಹತ್ತಿರ ಬಂದಾಗ ಕಣ್ಣು ಬಿಟ್ಟು ನೋಡಿ ಮುಟ್ಟುತ್ತಾಳಂತೆ. ಮೈಗೆ ಅಭ್ಯಾಸವಾದದ್ದನ್ನು ನಂಬುವುದಿಲ್ಲವಂತೆ.

ಮಾರ್ಚ್ ೨೪, ಭಾನುವಾರ

ಅವರ ಕೊಳಕ್ಕೆ ಗಾಜಿನ ಚಾವಣಿ. ನೀರು ಎಷ್ಟು ತಿಳಿ ಅಂದರೆ ಇಲ್ಲವೇ ಇಲ್ಲ ಅನ್ನಿಸುತ್ತದೆ. ಓಣಿಯಿಂದ ಐದು ಜನರನ್ನು ಮಾತ್ರ ಬಿಟ್ಟರು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಒರಗಿ ನಿಂತೆವು.

ಗಿಡ್ಡಿ ಒಬ್ಬಳೇ. ಪಕ್ಕದ ಸಾಲುಗಳೆಲ್ಲ ಖಾಲಿ. ಸೀಟಿ ಊದಿದರು, ಹಾರಿದಳು. ಮೊದಲ ಗೋಡೆ. ಎರಡೂ ಕೈ ಚಾಚಿದಳು, ಮುಟ್ಟಿದಳು, ತಿರುಗಿದಳು. ತಮ್ಮ ನನ್ನ ಮುಂಗೈ ಹಿಡಿದುಕೊಂಡ. ಎರಡನೇ ಗೋಡೆಯಲ್ಲಿ ತಡವರಿಸಿದಳು, ಪುಟ್ಟದೊಂದು ಎಳೆತ ಜಾಸ್ತಿ ಬಿತ್ತು. ಮೂರನೆಯದು ಸರಿ. ನಾಲ್ಕನೆಯದು ಸರಿ. ಆಮೇಲೆ ನಾನು ಗೋಡೆ ನೋಡುವುದನ್ನು ಬಿಟ್ಟೆ. ಅವಳು ಉಸಿರಿಗೆ ತಲೆ ಎತ್ತಿದಾಗಲೆಲ್ಲ ಮುಖ ಕಾಣುತ್ತಿತ್ತು. ಬಾಯಿ ದುಂಡಗೆ ತೆರೆದ, ಯಾರ ಪರಿವೆಯೂ ಇಲ್ಲದ ಮುಖ. ಕೂಗಲು ಘೋಷಣೆ ಕಟ್ಟಿಕೊಂಡು ಹೋಗಿದ್ದೆ. ಒಂದೂ ನೆನಪಾಗಲಿಲ್ಲ.

ಕೊನೆಯ ಗೋಡೆ ಮುಟ್ಟಿದಳು. ಸಂಘದ ಅಧಿಕಾರಿ ಗಡಿಯಾರ ನೋಡಿದ, ಪಕ್ಕದವನ ಗಡಿಯಾರ ನೋಡಿದ.

ತಪ್ಪಿತು. ಚಿಟಿಕೆ ಹೊಡೆಯುವಷ್ಟು ಸಮಯದಿಂದ ತಪ್ಪಿತು.

ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು: "ನಮ್ಮ ಕೊಳದ ಸಮಯಕ್ಕೆ ಆ ಅರ್ಧ ಸೆಕೆಂಡು ಸೇರಿಸಿ ನೋಡಿ. ಇವತ್ತು ಅದಕ್ಕಿಂತ ಜೋರಾಗಿ ಈಜಿದ್ದಾಳೆ. ಇಷ್ಟು ಜೋರಾಗಿ ಯಾವತ್ತೂ ಈಜಿರಲಿಲ್ಲ." ಅಷ್ಟು ಹೇಳಿ ಅವರು ಕಣ್ಣೊರೆಸಿಕೊಂಡರು. ತಮ್ಮ ಗಾಜಿನ ಚಾವಣಿಯನ್ನೇ ನೋಡುತ್ತಿದ್ದ.

ಗಿಡ್ಡಿ ಹಗ್ಗಕ್ಕೆ ಜೋತುಬಿದ್ದು ಅಧಿಕಾರಿಯನ್ನು ಕೇಳಿದಳು: "ಎಷ್ಟು ಸಾರ್?" ಅವನು ಹೇಳಿದ. ಅವಳು ಬಾಯಿಪಾಠ ಮಾಡುವವಳ ಹಾಗೆ ತಿರುಗಿ ಹೇಳಿಕೊಂಡಳು. "ಇದು ಸರಿಯಾದದ್ದಾ ಸಾರ್?"

"ಪಕ್ಕಾ."

"ಸರಿ" ಅಂದಳು.

ಅವಳ ಒದ್ದೆ ತಲೆಗೆ ನನ್ನ ಸೆರಗು ಹೊದಿಸಿದ್ದೆ. ಗುಡ್ಡ ಇಳಿಯುವಾಗ, "ಅತ್ತೆ, ಎರಡನೇ ಗೋಡೇಲಿ ಕಣ್ಣು ಮುಚ್ಚಿಬಿಟ್ಟೆ. ಮುಂದಿನ ವರ್ಷ ಮುಚ್ಚಲ್ಲ" ಅಂದಳು. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮಲಗಿದಳು. ಓಣಿಯಲ್ಲಿ ಜನ ಕಾಯುತ್ತಿದ್ದರು, ನನ್ನ ಬಾಯಿಂದ ಏನಾದರೂ ಬರಲಿ ಅಂತ. ಮಗು ಮಲಗಬೇಕು, ದಾರಿ ಬಿಡಿ ಅಂದೆ.

ಮಾರ್ಚ್ ೨೭, ಬುಧವಾರ

ಕೊಳ ಖಾಲಿ. ನೀರಿಲ್ಲದ ಕೊಳದಲ್ಲಿ ಮಾತು ದೊಡ್ಡದಾಗಿ ಕೇಳುತ್ತದೆ, ಪಿಸುಗುಟ್ಟಿದರೂ ನಾಲ್ಕೂ ಗೋಡೆ ತಿರುಗಿ ಹೇಳುತ್ತವೆ. ಬೆಳಗಿನಿಂದ ಒಡೆಯುತ್ತಿದ್ದೇವೆ. ಹೊಸದನ್ನೂ, ಅದರಡಿಯ ಹಳೆಯದನ್ನೂ. ಕ್ಷೌರದಂಗಡಿಯವನು ಬುಟ್ಟಿ ಹೊರುತ್ತಿದ್ದಾನೆ, ಅಜ್ಜಿ ಚೂರು ಗುಡಿಸುತ್ತಿದ್ದಾಳೆ. ಗಿಡ್ಡಿ ತನ್ನ ಸಾಲಿನ ಗೋಡೆಯನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಉಳಿ ಹಿಡಿದು ತಾನೇ ಕೀಳುತ್ತಿದ್ದಾಳೆ, ಮೂಗಿನ ಮೇಲೆಲ್ಲ ಸುಣ್ಣದ ಪುಡಿ.

ಶುರು ಮಾಡುವ ಮೊದಲು ಎರಡು ಮಾತಾಡಿ ಅಂತ ಯಾರೋ ಅಂದರು. ಧೂಳು ಗಂಟಲಿಗೆ ಹೋಗುತ್ತೆ, ಬೇಡ ಅಂದೆ.

ನನಗೂ ಒಂದು ಸುತ್ತಿಗೆ ಸಿಕ್ಕಿತು. ಎತ್ತಿ ಒಂದೇಟು ಹಾಕಿದೆ, ಇಡೀ ಕೊಳ ಗುಡುಗಿತು. ತಮ್ಮ ಆ ತುದಿಯಿಂದ ಓಡಿಬಂದು ನನ್ನ ಕೈ ಹಿಡಿದ.

"ಅಕ್ಕ, ಭಾಷಣ ಮಾಡೋ ಹಾಗೆ ಹೊಡೀಬೇಡ. ಗೋಡೆ ಬಿರುಕು ಬಿಡತ್ತೆ. ಅಂಚಲ್ಲಿ ಉಳಿ ಇಟ್ಟು ಮೆಲ್ಲಗೆ ತಟ್ಟು."

ಅಂಚಲ್ಲಿ ಉಳಿ ಇಟ್ಟೆ. ಮೆಲ್ಲಗೆ ತಟ್ಟಿದೆ.